ಮಾತನ್ನೂ ಹಿಡಿಯುತ್ತಿದ್ದ ಮೈಕು

ತಮನ್‌ರಾಸೆತ್
ಅಕ್ಟೋಬರ್ ೧೪

ಅಘಾಲಿ,

ಮನೆಯಿಂದ ಸಲಾಮು. ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ. ಕಪ್ಪು ಆಡು ಎರಡು ಮರಿ ಹಾಕಿದೆ. ಬೀದಿಯ ನೀರು ಮತ್ತೆ ನಿಂತಿದೆ, ನಿನ್ನಂಥ ಟ್ಯಾಂಕರಿನವರೇ ಗತಿ. ಈ ಪತ್ರವನ್ನು ಲಾರಿಯ ಕೇದು ಕೈಯಲ್ಲಿ ಕಳಿಸುತ್ತಿದ್ದೇನೆ. ಫೋನು ಮಾಡಬಹುದಿತ್ತು. ಮಾಡಿದರೆ ನೀನು ಎರಡನೆಯ ಮಾತಿಗೇ ಅವನ ಹೆಸರು ಹೇಳುತ್ತೀ, ನಾನು ಫೋನು ಇಟ್ಟುಬಿಡುತ್ತೇನೆ. ಹೋದ ವರ್ಷದಿಂದ ನಮ್ಮ ಮಾತು ಅಷ್ಟರಲ್ಲೇ ಮುಗಿಯುತ್ತಿದೆ. ನಿನ್ನ ಪತ್ರಗಳಲ್ಲೂ ಹೆಸರು ಇರುತ್ತದೆ. ಆ ಜಾಗ ಬಂದಾಗ ಹೆಬ್ಬೆರಳು ಅಡ್ಡ ಇಟ್ಟು ಮುಂದಿನದನ್ನು ಓದುತ್ತೇನೆ.

ಸುತ್ತಿ ಬಳಸಿ ಹೇಳುವುದು ಬೇಡ. ಅವನ ಗಿಟಾರಿನ ತಂತಿ ಕೆಳಗಿನ ಮೈಕು ಬದಲಾಯಿಸಿದ್ದಾಯಿತು. ಅವನು ಬರುವವರೆಗೆ ಯಾರೂ ಅದನ್ನು ಮುಟ್ಟಕೂಡದು ಎಂದು ನೀನು ಹೇಳಿ ಹೋಗಿದ್ದೆ. ಮುಟ್ಟಿದ್ದೇವೆ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಮಿರಿಯಾಮಾ ಹಟ ಹಿಡಿದಳು. ಮದುವೆ ಬರುವ ತಿಂಗಳು. "ಅಣ್ಣ ನನ್ನ ಮದ್ವೆಲಿ ಬಾರಿಸ್ತೀನಿ ಅಂತ ಮಾತು ಕೊಟ್ಟಿದ್ದ. ಅವನಿಲ್ಲದಿದ್ರೆ ಅವನ ಗಿಟಾರಾದ್ರೂ ಬರ್ಲಿ. ಅದೂ ಇಲ್ಲ ಅಂದ್ರೆ ನನಗೆ ಮದ್ವೇನೇ ಬೇಡ, ಬೀಗಾಗೆ ಬೇರೆ ಹುಡುಗಿ ನೋಡ್ಕೊಳ್ಳೋಕೆ ಹೇಳು" ಎಂದಳು. ಮದುವೆ ಗಂಡು ಬೀಗಾ ಪಕ್ಕದಲ್ಲೇ ಕೂತಿದ್ದ. ಭಾವಿ ಅತ್ತೆಯ ಎದುರು ಬಾಯಿ ಬಿಡುವ ಹಾಗಿಲ್ಲವಲ್ಲ, ಮುಂಡಾಸಿನ ಸೆರಗನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು ಚಹಾ ಲೋಟವನ್ನೇ ನೋಡುತ್ತಿದ್ದ.

ಹಾಗಾಗಿ ಗಿಟಾರನ್ನು ಚೀಲದಿಂದ ತೆಗೆದೆವು. ಮಗನ ತಂಡದ ಹುಡುಗರು ಅಂಗಳದಲ್ಲಿ ಸ್ಪೀಕರು ಪೆಟ್ಟಿಗೆ ಇಟ್ಟು ತಂತಿ ಬಿಗಿದರು. ಆ ಗಿಟಾರು ನಿನಗೆ ಗೊತ್ತಲ್ಲ, ಮೊದಲಿಂದಲೂ ತಂತಿಯ ಸದ್ದಿನ ಜೊತೆ ಹತ್ತಿರದ ಮಾತನ್ನೂ ಹಿಡಿಯುತ್ತಿತ್ತು. ಒಂದು ಮದುವೆಯಲ್ಲಿ ಹಾಡುವ ಮೈಕು ಕೆಟ್ಟಾಗ ಅವನು ಬಗ್ಗಿ, ತಂತಿಗೆ ತುಟಿ ತಾಗುವಷ್ಟು ಹತ್ತಿರ ಬಾಯಿಟ್ಟು, ಇಡೀ ಹಾಡು ಹಾಡಿ ಮುಗಿಸಿದ್ದ. ಗಿಟಾರಿಗೆ ನಮ್ಮ ಭಾಷೆ ಬರುತ್ತದೆ ಎಂದು ಜನ ನಕ್ಕಿದ್ದರು. ಹಸಿವಾದಾಗ ಅಂಗಳದಿಂದಲೇ ಅದರೊಳಗೆ ಬಾಯಿಟ್ಟು, "ಅಮ್ಮಾ, ರೊಟ್ಟಿ ಆಯ್ತಾ? ನಿನ್ನ ಮಗ ಇಲ್ಲಿ ಸಾಯ್ತಾ ಇದಾನೆ" ಎಂದು ಕೂಗುತ್ತಿದ್ದ. ನಾನು ಬಿಸಿ ಮರಳಿನಲ್ಲಿ ಹೂತು ಬೇಯಿಸಿದ ರೊಟ್ಟಿ ಕೆದಕುತ್ತಾ, "ಬೀದಿಗೆಲ್ಲ ಕೇಳೋ ಹಾಗೆ ಕೂಗ್ಬೇಡ್ವೋ" ಎಂದು ಬೈಯುತ್ತಿದ್ದೆ.

ಈ ಸಲ ಸ್ಪೀಕರು ಹಚ್ಚಿದ ಕೂಡಲೇ ಗಿಟಾರು ಊಳಿಟ್ಟಿತು. ಕೈ ತೆಗೆದರೂ ನಿಲ್ಲಲಿಲ್ಲ. ಸದ್ದು ಇಳಿಸಿ ನೋಡಿದರೆ ಒಂದು ತಂತಿ ಕೇಳುವುದೇ ಇಲ್ಲ. ಅಷ್ಟರಲ್ಲಿ ನಿನ್ನ ತೀತಾ ಅತ್ತೆ ಹತ್ತಿರ ಹೋಗಿ ಬಗ್ಗಿ, "ಪಾಪ, ಮಗೂ" ಎಂದಳು, ತನ್ನಷ್ಟಕ್ಕೆ. ಅದು ಸ್ಪೀಕರಿನಿಂದ ಬಂತು. ಮಿರಿಯಾಮಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮದುವೆಯ ದಿನ ಹೆಂಗಸರೆಲ್ಲ ಅದರ ಸುತ್ತ ಕೂರುತ್ತಾರೆ, ಒಬ್ಬೊಬ್ಬರ ನಿಟ್ಟುಸಿರೂ ಅದರಿಂದ ಹೊರಗೆ ಬಂದರೆ ಅದು ಮದುವೆಯೇ? ಬದಲಾಯಿಸಿಯೇ ತೀರಬೇಕು ಎಂದು ಆಗ ನಿರ್ಧರಿಸಿದೆ.

ಕೆಲಸದ ಮೇಲೆ ಅಲ್ಜೀರ್ಸ್‌ಗೆ ಹೋಗಿದ್ದ ಬೀಗಾನಿಗೆ, ಗಿಟಾರಿಗೆ ಒಂದು ಮೈಕು ತಾ ಎಂದು ಹೇಳಿ ಕಳಿಸಿದೆ. ಅವನು ನೀರಿನ ಇಲಾಖೆಯವನು, ಪೈಪು ಗೊತ್ತು, ಗಿಟಾರು ಗೊತ್ತಿಲ್ಲ. ತಂತಿಯ ಕೆಳಗಿನದಕ್ಕೂ ಬಾಯಿಗೆ ಹಿಡಿಯುವುದಕ್ಕೂ ನಾವು ಮೈಕು ಎಂದೇ ಹೇಳುತ್ತೇವಲ್ಲ. ಹಾಡುವವರು ಕೈಯಲ್ಲಿ ಹಿಡಿಯುವ ಮೈಕನ್ನು ತಂದ, ಥಳಥಳ ಹೊಳೆಯುವಂಥದ್ದು, ಉದ್ದನೆಯ ವೈರು ಸಮೇತ. ಮಿರಿಯಾಮಾ ಬಹಳ ದಿನಗಳ ಮೇಲೆ ನಕ್ಕಳು. "ಇಟ್ಕೋ, ಮದ್ವೆ ದಿನ ನೀನೇ ಇದನ್ನ ಹಿಡ್ಕೊಂಡು ಹಾಡು. ನೆಂಟರು ಬೇಗ ಎದ್ದು ಹೋಗ್ತಾರೆ, ಊಟದ ಖರ್ಚು ಉಳಿಯುತ್ತೆ" ಎಂದಳು. ಸರಿಯಾದದ್ದು ಆಮೇಲೆ ಬಸ್ಸಿನವರ ಕೈಯಲ್ಲಿ ಬಂತು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದದ ಡಬ್ಬಿಯಲ್ಲಿ.

ಸಂತೆಯ ಹಿಂದೆ ರೇಡಿಯೊ ರಿಪೇರಿ ಮಾಡುವ ಅನಾಬಾನ ಅಂಗಡಿಗೆ ನಾನೂ ತೀತಾ ಅತ್ತೆಯೂ ತೆಗೆದುಕೊಂಡು ಹೋದೆವು. ಅವನು ತಂತಿ ಸಡಿಲಿಸಿ ಮೈಕು ಕೂರಿಸಿದ ಬಿಳಿ ಹಲಗೆಯ ತಿರುಪುಗಳನ್ನು ಬಿಚ್ಚಿದ. ಮೇಜಿನ ಮೇಲೆ ಮರಳು ಸುರಿಯಿತು. "ಅಕ್ಕಾ, ಇದು ಗಿಟಾರೋ ಒಂಟೆ ಮೂಗೋ?" ಎಂದ. ಮರಳಿನಲ್ಲಿ ಫೋನು ಕಾರ್ಡಿನ ಮೂಲೆ ಕತ್ತರಿಸಿ ಮಾಡಿದ ಒಂದು ಮೀಟುವ ಚೂರು ಇತ್ತು. ಅದು ಕಳೆದುಹೋಗಿದೆ ಎಂದು ಮಗ ಮನೆಯೆಲ್ಲ ಹುಡುಕಿಸಿದ್ದು ನಿನಗೆ ನೆನಪಿರಬಹುದು.

ಆ ಮೈಕಿನಲ್ಲಿ ಆರು ಸಣ್ಣ ಅಯಸ್ಕಾಂತಗಳಿವೆ, ಅವುಗಳ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ಎಳೆ ಸುತ್ತಿರುತ್ತಾರೆ. ಎಳೆ ಅಲುಗಾಡದಿರಲಿ ಎಂದು ಮೇಣ ಕುಡಿಸಿರುತ್ತಾರಂತೆ. ನಮ್ಮ ಬಿಸಿಲಿಗೆ ಮೇಣ ಕರಗಿ ಹೋಗಿತ್ತು. ಸಡಿಲವಾದ ಎಳೆ ಯಾವ ಸದ್ದಿಗೂ ನಡುಗುತ್ತದೆ. "ಇದು ತಂತಿ ಮಾತ್ರ ಕೇಳ್ಬೇಕು. ಇದು ಊರ ಸುದ್ದಿಯೆಲ್ಲ ಕೇಳುತ್ತೆ, ನಿಮ್ಮ ತೀತಾ ಅತ್ತೆ ಥರ" ಎಂದ ಅನಾಬಾ. ಅತ್ತೆ, "ನಾನು ಕೇಳ್ತೀನಿ ಕಣೋ, ನೀನು ಹರಡ್ತೀಯ" ಎಂದಳು. ಮತ್ತೆ ಮೇಣ ಕುಡಿಸಲು ಆಗುವುದಿಲ್ಲವೇ ಎಂದು ಕೇಳಿದೆ. ಕೇಳಿದೆ ಎನ್ನುವುದನ್ನು ಗಮನಿಸು. ಎಳೆ ಒಳಗೇ ಕಿಲುಬು ಹಿಡಿದು ಸವೆದಿದೆ, ಬಿಸಿ ಮೇಣಕ್ಕೆ ಹಾಕಿದರೆ ಇರುವುದೂ ಹೋಗುತ್ತದೆ ಎಂದ.

ಹಳೆಯ ಮೈಕಿನ ವೈರು ಕತ್ತರಿಸುವ ಮೊದಲು ಉಳಿದ ವೈರುಗಳು ಸರಿಯಿವೆಯೇ ಎಂದು ತಿಳಿಯಲು ಸ್ಪೀಕರಿಗೆ ಜೋಡಿಸಿ, ಏನಾದರೂ ಮಾತಾಡು ಎಂದು ನನಗೆ ಹೇಳಿದ. ನಾನು ಬಿಸ್ಮಿಲ್ಲಾ ಎಂದೆ. ಕೇಳಿಸಿತು. ಆಮೇಲೆ ಎರಡು ವೈರು ಕತ್ತರಿಸಿ, ಯಾವುದು ಎಲ್ಲಿತ್ತೆಂದು ಗುರುತು ಮಾಡಿ, ಹೊಸದನ್ನು ಕೂರಿಸಿ ಬೆಸುಗೆ ಹಾಕಿದ. ತಂತಿಗೆ ಎಷ್ಟು ಹತ್ತಿರ ಇರಬೇಕೆಂದು ತಿರುಪು ತಿರುಗಿಸಿ ತಿರುಗಿಸಿ ನೋಡಿದ. ಹಳೆಯದು ಅವನ ಅಂಗಡಿಯಲ್ಲೇ ಉಳಿಯಿತು.

ಈಗ ಆರೂ ತಂತಿ ಸಮವಾಗಿ, ಚೊಕ್ಕವಾಗಿ ಕೇಳುತ್ತವೆ. ಮಿರಿಯಾಮಾ ಅದರ ಹತ್ತಿರ ಬಾಯಿಟ್ಟು ಏನೋ ಹೇಳಿದಳು. ಸ್ಪೀಕರು ಸುಮ್ಮನಿತ್ತು. ಇನ್ನೊಮ್ಮೆ ಜೋರಾಗಿ ಹೇಳಿದಳು. "ಅಮ್ಮಾ, ಇದು ಕಿವುಡು" ಎಂದಳು. ಕಿವುಡಾಗಿದ್ದರೇ ಬಾರಿಸಲು ಬರುವುದು ಎಂದೆ.

ನೀನು ಏನು ಹೇಳುತ್ತೀ ಎಂದು ಗೊತ್ತು. ಚಿನ್ನದ ಹೊಂಡ ಕುಸಿದಾಗ ಮೂವರಲ್ಲಿ ಇಬ್ಬರು ಸಿಕ್ಕರು, ಅವನು ಸಿಗಲಿಲ್ಲ, ಸಿಗದವನನ್ನು ಸತ್ತವನು ಎನ್ನುವುದು ಹೇಗೆ ಎನ್ನುತ್ತೀ. ಚಿನ್ನ ಅಗೆಯುವವರು ಆ ಹೊಂಡ ಬಿಟ್ಟು ಬೇರೆ ಕಡೆ ಹೋದರು, ನೀನು ಮಾತ್ರ ಅದರ ಪಕ್ಕದಲ್ಲಿ ಗುಡಾರ ಹಾಕಿಕೊಂಡು ಅವರಿಗೆ ನೀರು ಹೊಡೆಯುತ್ತಾ ಕೂತಿದ್ದೀ. ಇಲ್ಲಿ ಹಿರಿಯರು ಸತ್ತವರಿಗೆ ಮಾಡುವ ನಮಾಜನ್ನು ಅವನಿಗಾಗಿ ಮಾಡಿದ ದಿನ ನೀನು ಸಾಲಿನಲ್ಲಿ ನಿಲ್ಲಲಿಲ್ಲ. ನಾನು ಅಂದಿನಿಂದ ಹೆಸರು ಬಿಟ್ಟೆ. ಹೋದವರ ಹೆಸರು ಹಿಡಿದರೆ ಮಲಗಿದವರನ್ನು ಎಬ್ಬಿಸಿದ ಹಾಗೆ ಎಂದು ನನಗೆ ಹೇಳಿಕೊಟ್ಟವಳು ನಿನ್ನ ತಾಯಿ. ತೀರಿಕೊಂಡ ನಿನ್ನಪ್ಪನ ಹೆಸರನ್ನು ನೀನು ಸಾಯುವವರೆಗೂ ಹೇಳುವವನಲ್ಲ. ಮಗನದನ್ನು ಮಾತ್ರ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾ ತಿರುಗುತ್ತೀ, ಹೇಳುತ್ತಿರುವವರೆಗೆ ಅವನು ಇರುತ್ತಾನೆ ಎಂಬಂತೆ. ಹೆಸರು ಬಿಟ್ಟು ನಾನೇ ಅವನನ್ನು ಸಾಯಿಸಿದೆ ಎಂದು ನೀನು ಈ ಮನೆಯ ಬಾಗಿಲಲ್ಲಿ ನಿಂತು ಅಂದೆ. ಅದಕ್ಕೆ ನಾನು ಅಂದು ಉತ್ತರ ಕೊಡಲಿಲ್ಲ, ಇಂದೂ ಕೊಡುವುದಿಲ್ಲ.

ಒಂದೇ ಕೇಳುತ್ತೇನೆ. ಅವನು ಬಂದ ಮೇಲೆಯೇ ಮದುವೆ ಎನ್ನುವುದನ್ನು ಬಿಡು. ಮಗಳನ್ನು ಕೊಟ್ಟೆ ಎಂದು ಹೇಳಬೇಕಾದವನು ನೀನು. ನೀನು ಬಾರದಿದ್ದರೆ ನನ್ನ ತಮ್ಮ ಹೇಳುತ್ತಾನೆ, ಶಾಸ್ತ್ರಕ್ಕೆ ಅಡ್ಡಿಯಿಲ್ಲ. ಮಿರಿಯಾಮಾಳಿಗೆ ಅದು ಸಾಕಾಗುವುದಿಲ್ಲ. ನಿನ್ನ ನೀಲಿ ಮುಂಡಾಸನ್ನು ಒಗೆಯದೆ ಹಾಗೇ ಮಡಿಸಿ ಇಟ್ಟಿದ್ದಾಳೆ, ಒಗೆದರೆ ಬಣ್ಣ ಹೋಗುತ್ತದೆ ಎನ್ನುತ್ತಾಳೆ. ಹೋದವನಿಗಾಗಿ ಇರುವವಳ ಮದುವೆಯನ್ನು ತಪ್ಪಿಸಿಕೊಂಡರೆ ನಿನಗೆ ಇಬ್ಬರೂ ಇಲ್ಲದ ಹಾಗೆ ಆಗುತ್ತದೆ.

ಕೇದು ಕೈಯಲ್ಲಿ ಖರ್ಜೂರ, ಒಣಗಿಸಿದ ಆಡಿನ ಚೀಸು, ಚಹಾಪುಡಿ ಕಳಿಸಿದ್ದೇನೆ. ಮೊದಲ ಲೋಟವನ್ನೇ ಕುಡಿದು ಎದ್ದು ಹೋಗಬೇಡ, ನಮ್ಮ ರೂಢಿಯಂತೆ ಮೂರೂ ಲೋಟ ಕುಡಿ. ಮೈ ನೋಡಿಕೋ.

ಗೈಶತು
ಮಿರಿಯಾಮಾಳ ತಾಯಿ

ಮತ್ತೆ: ಕೇದು ಇನ್ನೂ ಲಾರಿಯ ಟೈರು ನೋಡುತ್ತಿದ್ದಾನೆ, ಹಾಗಾಗಿ ಇದನ್ನು ಸೇರಿಸುತ್ತಿದ್ದೇನೆ. ಅನಾಬಾ ಮಾತಾಡು ಎಂದಾಗ ನಾನು ಬಿಸ್ಮಿಲ್ಲಾ ಎನ್ನಲಿಲ್ಲ. ಅವನ ಹೆಸರು ಹೇಳಿದೆ, ಊಟಕ್ಕೆ ಕರೆಯುತ್ತಿದ್ದ ಹಾಗೆಯೇ. ಸ್ಪೀಕರು ಬೀದಿಗೆ ಮುಖ ಮಾಡಿತ್ತು. ಎದುರಿನ ಕಟುಕ ಕತ್ತಿ ಹಿಡಿದುಕೊಂಡೇ ಹೊರಗೆ ಬಂದ. ತೀತಾ ಅತ್ತೆ ನನ್ನ ಬಾಯಿಗೆ ಕೈ ಅಡ್ಡ ತಂದು, ಹಾಗೇ ಇಳಿಸಿದಳು. ನಾನು ಉತ್ತರಕ್ಕೆ ಕಾದೆ, ಅಘಾಲಿ. ಅಲ್ಲಿ ನೀನು ಕಾಯುವ ಹಾಗೆಯೇ ಕಾದೆ. ಆಮೇಲೆ ಅನಾಬಾನಿಗೆ ಕತ್ತರಿಸು ಎಂದೆ.

ಹಳೆಯ ಮೈಕು ಅಂಗಡಿಯಲ್ಲಿಲ್ಲ. ಖರ್ಜೂರದ ಕೆಳಗೆ, ಬಿಳಿ ಬಟ್ಟೆಯಲ್ಲಿ ಸುತ್ತಿದ್ದು ಅದೇ. ಹೂಳಲು ನಮಗೆ ಬೇರೆ ಏನೂ ಸಿಗಲಿಲ್ಲ. ಹೊಂಡದ ಬಾಯಲ್ಲಿ ಇಟ್ಟು ಮುಚ್ಚು, ತಲೆಯ ಕಡೆ ಒಂದು ಕಲ್ಲು ನಿಲ್ಲಿಸು, ಬೇಕಾದರೆ ಅಲ್ಲಿ ಒಂದು ಸಲ ಹೆಸರು ಹಿಡಿದು ಕರೆ. ಆಮೇಲೆ ಮನೆಗೆ ಬಾ.