ಟಾರ್ಚಿನ ಟೋಪಿಯೊಳಗಿನ ಉಂಗುರ

ಸುವಾಮೆ, ಕುಮಾಸಿ
ಆಗಸ್ಟ್ ೧೪, ಗುರುವಾರ

ಮುನಿಸಿನ ಮಹಾರಾಣಿ, ನನ್ನ ಮಗಳೇ ಫ್ರೆಮಾ,

ನಿನ್ನ ಸೋದರಮಾವ ಸರ್ಫೋ ಭಾನುವಾರ ನನ್ನ ವೆಲ್ಡಿಂಗ್ ಶೆಡ್ಡಿಗೆ ಬಂದಿದ್ದ. ಜನ್ಮವೆಲ್ಲ ಬಟ್ಟೆ ಹೊಲಿದವನು, ಇದ್ದಕ್ಕಿದ್ದಂತೆ, ನೀರಿನ ಪಂಪಿಲ್ಲದೆ ಗಾಳಿಯಲ್ಲೇ ತಣಿಯುವ ಟಿಗ್ ಬೆಸುಗೆ ಟಾರ್ಚಿನಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ. ಯಾರಿಗೋ ಅಂದೆ. "ಗೆಳೆಯನೊಬ್ಬ ಟೇಮಾದಲ್ಲಿ ಹೊಸ ಶೆಡ್ ಹಾಕ್ತಿದಾನೆ ಕಣಕ್ಕ" ಅಂದ. ಆ ಗೆಳೆಯ ನಕ್ಕರೆ ನಮ್ಮ ಫ್ರೆಮಾಳ ಹಾಗೇ ಎಡಗೆನ್ನೆಯಲ್ಲಿ ಗುಳಿ ಬೀಳುತ್ತೇನೋ ಅಂದೆ. ಪಾಪ, ಫುಫು ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡವನ ಹಾಗೆ ಕೂತುಬಿಟ್ಟ.

ಆದ್ದರಿಂದ, ನೀನು ನನ್ನನ್ನು ಕೇಳದೇ ಇದ್ದರೂ, ಆ 'ಗೆಳೆಯ'ನ ಹಿತಕ್ಕಾಗಿ ಈ ಘನಗಂಭೀರ ಉಪನ್ಯಾಸ.

ಅಂಗಡಿಯವನು ಇನ್ನೂರು ಆಂಪಿಯರಿನ ದಪ್ಪ ಟಾರ್ಚು ತೆಗೆದು "ಇದು ನೋಡಿ, ಗಂಡಸರ ಟಾರ್ಚು" ಅನ್ನುತ್ತಾನೆ. ಗಂಡಸರಿಗೇ ಇರಲಿ ಬಿಡು. ಅದನ್ನು ಹಿಡಿದರೆ ಸಂಜೆಯೊಳಗೆ ನಿನ್ನ ಮಣಿಕಟ್ಟು ರಾಜೀನಾಮೆ ಕೊಡುತ್ತದೆ. ನೀನು ಬೆಸೆಯುವುದು ಎರಡು ಮಿಲಿಮೀಟರಿನ ಸ್ಟೀಲ್ ತಗಡು. ನೂರೈವತ್ತರದು ಧಾರಾಳ ಸಾಕು. ಆದರೆ ಡಬ್ಬಿಯ ಮೇಲಿನ ನೂರೈವತ್ತು ತಣ್ಣಗಿನ ಊರಿನವರು ಬರೆದದ್ದು. ನಮ್ಮ ತಗಡಿನ ಸೂರಿನ ಕೆಳಗೆ ನೂರು, ನೂರಹತ್ತು ದಾಟಬೇಡ. ಟಾರ್ಚಿನ ಹಿಡಿ ಕೈಗೆ ಬಿಸಿ ತಾಗಿತೋ, ನಿಲ್ಲಿಸಿ ನೀರು ಕುಡಿ. ನೀನು ಕುಡಿ, ಟಾರ್ಚಿಗೆ ಕುಡಿಸಬೇಡ. ಪಕ್ಕದ ಶೆಡ್ಡಿನ ಬೋಆಟೆಂಗ್ ಹೋದ ತಿಂಗಳು ಕಾದ ಟಾರ್ಚನ್ನು ಬಕೆಟ್ಟಿಗೆ ಅದ್ದಿ "ಸ್ನಾನ ಮಾಡಿಸ್ದೆ" ಅಂದ. ಪಿಂಗಾಣಿಯ ಮೂತಿ ಟಪ್ಪೆಂದು ಎರಡು ಹೋಳಾಯಿತು. ಊರಿಗೆಲ್ಲ ಸಿಹಿ ಹಂಚುವಷ್ಟು ನಕ್ಕೆವು.

ಕೇಬಲ್ಲನ್ನು ಬಿಗಿಯಾಗಿ ಸುತ್ತಬೇಡ, ಒಳಗಿನ ಗ್ಯಾಸಿನ ಕೊಳವೆ ಮಡಿಚಿಕೊಳ್ಳುತ್ತದೆ. ಕಿಡಿ ಆರಿದ ಕೂಡಲೇ ಗ್ಯಾಸ್ ಉಳಿಸುವ ಜಿಪುಣತನದಲ್ಲಿ ಕೈ ಎತ್ತಬೇಡ; ಬೆಸುಗೆ ಕೆಂಪು ಕಳೆಯುವವರೆಗೆ ಅಲ್ಲೇ ಹಿಡಿದಿರು.

ಇನ್ನು ಟಾರ್ಚಿನ ಹಿಂಬದಿಯ ಟೋಪಿ. ಅದರೊಳಗೆ ಕಿರುಬೆರಳಿಗೂ ಹಿಡಿಸದ ಒಂದು ರಬ್ಬರ್ ಉಂಗುರವಿದೆ. ವಾರಕ್ಕೊಮ್ಮೆ ಬಿಚ್ಚಿ ನೋಡು. ಅದು ಒಣಗಿ ಬಿರಿದರೆ ಹಿಂದಿನಿಂದ ಗಾಳಿ ಕಳ್ಳನ ಹಾಗೆ ನುಗ್ಗುತ್ತದೆ. ಕಿಡಿ ಹಾರಿಸುವ ಟಂಗ್‌ಸ್ಟನ್ ಕಡ್ಡಿ ಕಪ್ಪಾಗುತ್ತದೆ, ಬೆಸುಗೆಯೊಳಗೆ ಸೂಜಿತೂತು ಬೀಳುತ್ತದೆ. ಮೇಲೆ ಉಜ್ಜಿ ಹೊಳಪು ಕೊಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಲ್ಲಿಗೆ ಉಪನ್ಯಾಸ ಮುಗಿಸಬಹುದಿತ್ತು. ಮೂರು ಸಲ ಇಲ್ಲಿಗೇ ಮುಗಿಸಿ ರುಜು ಹಾಕಿ, ಮೂರು ಸಲ ಕಾಗದ ಹರಿದೆ.

ಹೋದ ವರ್ಷ ಪೊಕುವಾಳ ಗಂಡನ ಅಂತ್ಯಕ್ರಿಯೆಯ ಊಟಕ್ಕೆ ನಾವು ಮಾಡಿಕೊಟ್ಟ ಹಂಡೆ ನೆನಪಿದೆಯಲ್ಲ. ಬೆಸುಗೆಯ ಸಾಲಿನಿಂದ ಸೂಪು ಜಿನುಗಿ ಜಿನುಗಿ ಒಲೆಯೇ ಆರಿಹೋಯಿತು. "ನನ್ನ ಗಂಡ ಮುದುಕನಾದ್ಮೇಲೂ ಇಷ್ಟು ಸೋರ್ತಿರ್ಲಿಲ್ಲ ಕೊನಾಡು!" ಅಂತ ಪೊಕುವಾ ಕೂಗಿದಳು. ಒಲೆಯ ಸುತ್ತ ಇದ್ದವರೆಲ್ಲ ನನ್ನ ಮುಖ ನೋಡಿದರು. ನಾನು ನಿನ್ನ ಕಡೆ ಬೆರಳು ತೋರಿಸಿದೆ. "ಇವಳು ಬೆಸೆದದ್ದು. ಮಾತಾಡ್ತಾ ಬೆಸೀತಾಳೆ, ಕೈ ನಿಲ್ಲಲ್ಲ" ಅಂದೆ. ಎಲ್ಲರೂ ನಕ್ಕರು. ಮಾರನೆಯ ಬೆಳಗ್ಗೆ ನಿನ್ನ ಏಪ್ರನ್ ಮೊಳೆಯಲ್ಲಿತ್ತು, ನೀನು ಟೇಮಾದ ಬಸ್ಸಿನಲ್ಲಿದ್ದೆ.

ಎರಡು ವಾರ ಕಳೆದು ನನ್ನ ಬೆಸುಗೆಯೂ ಕಪ್ಪು ಹೊಡೆಯಿತು. ಟೋಪಿ ಬಿಚ್ಚಿದೆ. ಒಳಗಿದ್ದದ್ದು ಸೈಕಲ್ ಟ್ಯೂಬಿನ ಸುಟ್ಟ ಚೂರು. ಹಂಡೆಯ ಕೆಲಸದ ಹಿಂದಿನ ದಿನ, ಅಂಗಡಿ ಮುಚ್ಚಿದೆ ಅಂತ, ಕತ್ತರಿಯಿಂದ ದುಂಡಗೆ ಕತ್ತರಿಸಿ ಕೂರಿಸಿದವಳು ನಾನೇ. ಮರೆತೇಬಿಟ್ಟಿದ್ದೆ. ನೀನು ಬೆಸೆಯುವಾಗ "ಅಮ್ಮಾ, ಕಡ್ಡಿ ಯಾಕೋ ಕಪ್ಪಾಗ್ತಿದೆ" ಅಂದಿದ್ದೆ. "ಉಜ್ಜಿ ಮುಂದಕ್ಕೆ ಹೋಗೇ, ನೆಪ ಹೇಳ್ಬೇಡ" ಅಂತ ನಾನು ಗದರಿದ್ದೆ.

ನಿನ್ನ ಕೈ ಅಲುಗಿರಲಿಲ್ಲ, ಫ್ರೆಮಾ. ಇದು ನನಗೆ ಗೊತ್ತಾಗಿ ಹನ್ನೊಂದು ತಿಂಗಳು.

ಸರ್ಫೋ ಕೈಯಲ್ಲಿ ಹೊಸ ಉಂಗುರಗಳ ಪೊಟ್ಟಣ, ಒಂದು ಡಜನ್ ಮೊಟ್ಟೆ ಕಳಿಸುತ್ತಿದ್ದೇನೆ. ತಪ್ಪು ಮಾಡಿದವರು ಮೊಟ್ಟೆ ಕೊಟ್ಟು ಸಮಾಧಾನ ಕೇಳುವುದು ನಿನಗೆ ಗೊತ್ತೇ ಇದೆ. "ತಾಯಿ ಮಗಳಿಗೆ ಕೊಟ್ಟಿದ್ದು ಎಲ್ಲಾದ್ರೂ ಉಂಟೇನಕ್ಕ? ಜನ ನಗ್ತಾರೆ" ಅಂತ ಸರ್ಫೋ ಗೊಣಗಿದ. "ನಗ್ಲಿ. ನೀನು ತೊಡೆ ಮೇಲಿಟ್ಕೊಂಡು ನೆಟ್ಟಗೆ ಕೂತ್ಕೋ" ಅಂದೆ. ಒಂದಾದರೂ ಬೇಯಿಸಿ ತಿಂದರೆ ಕ್ಷಮಿಸಿದೆ ಅಂತ ತಿಳಿಯುತ್ತೇನೆ. ವಾಪಸು ಕಳಿಸಿದರೂ ನಿನ್ನ ಹಕ್ಕು, ಆದರೆ ನನಗೆ ಬೇಜಾರಿಲ್ಲ ಅನ್ನುವುದಿಲ್ಲ. ಟಾರ್ಚು ಮಾತ್ರ ನೂರೈವತ್ತರದೇ ತಗೋ.

ನಿನ್ನ ತಾಯಿ,
ಕೊನಾಡು

ಮರೆತ ಮಾತು: ಸೋಮವಾರದಿಂದ, ಆ ದಿನ ಒಲೆಯ ಸುತ್ತ ನಕ್ಕವರ ಮನೆಮನೆಗೂ ಹೋಗಿ, ತಪ್ಪು ನನ್ನದು, ಮಗಳದ್ದಲ್ಲ ಅಂತ ಹೇಳಿ ಬಂದೆ. ಇವತ್ತು ಕೊನೆಯದಾಗಿ ಪೊಕುವಾಳ ಮನೆ. ಅವಳು ಎಲ್ಲ ಕೇಳಿಸಿಕೊಂಡು, "ಊರಿಗೆಲ್ಲ ಸಾರಿದ್ಯಲ್ಲ, ಅವಳಿಗೆ ಹೇಳಿದ್ಯೇನೇ?" ಅಂದಳು. ನಾನು ಮಾಡಿನ ತಗಡು ಎಣಿಸತೊಡಗಿದೆ. ಈ ಕಾಗದ ಬರೆಯುತ್ತಿರುವುದು ಅವಳ ಊಟದ ಮೇಜಿನ ಮೇಲೆ. ಬಾಗಿಲಿಗೆ ಚಿಲಕ ಹಾಕಿ ಎದುರಿಗೇ ಕೂತಿದ್ದಾಳೆ. ಲಕೋಟೆ ಅಂಟಿಸುವವರೆಗೆ ಬಿಡುವುದಿಲ್ಲವಂತೆ.