ಹಂಗೇರಿಯ ಗೆಳತಿಗೆ ಹೈದರಾಬಾದಿನಲ್ಲಿ ಸಿಗದ ಮಾತ್ರೆ

ಮಾನ್ಯ ಕುಟುಂಬ ಕಲ್ಯಾಣ ಅಧಿಕಾರಿಗಳೇ,

ಗರ್ಭನಿರೋಧಕ ಮಾತ್ರೆ ಬಳಸಿ ಎಂದು ಈ ಊರಿನ ಗೋಡೆಗಳ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಬರೆಸಿದ್ದೀರಿ. ಸಿಟಿ ಬಸ್ಸುಗಳ ಬೆನ್ನಿಗೂ ಅಂಟಿಸಿದ್ದೀರಿ. ಆದರೆ ಅದೇ ಮಾತ್ರೆಯನ್ನು ಒಬ್ಬ ಹೆಂಗಸು ಔಷಧ ಅಂಗಡಿಗೆ ಹೋಗಿ ಸಣ್ಣ ದನಿಯಲ್ಲಿ ಕೇಳಿದರೂ ಅಂಗಡಿಯವನು ಕಿವಿಯ ಹತ್ತಿರ ಪಟಾಕಿ ಸಿಡಿದಂತೆ ಬೆಚ್ಚುತ್ತಾನೆ. ಗೋಡೆಗಿಲ್ಲದ ನಾಚಿಕೆ ಕೌಂಟರಿಗೆ ಯಾಕೆ? ಇದಿಷ್ಟೇ ನನ್ನ ದೂರು. ಮುಂದೆ ಬರೆಯುವುದೆಲ್ಲ ಅದಕ್ಕೆ ಸಾಕ್ಷಿ. ತಾವು ಬೀದರಿನ ಕಡೆಯವರು, ಮನೆಯಲ್ಲಿ ಇಂದಿಗೂ ಕನ್ನಡವೇ ಎಂದು ಕೇಳಿ ಬಲ್ಲೆ. ಆದ್ದರಿಂದ ಇದನ್ನು ತೆಲುಗಿಗೆ ಅನುವಾದ ಮಾಡಿಸಬೇಕಿತ್ತು, ಅದಕ್ಕೇ ತಡವಾಯಿತು ಎಂಬ ನೆಪ ತಮಗೆ ಒದಗಲಾರದು.

ನಾನು ಸಿಂಧನೂರಿನವಳು. ಮದುವೆಯಾಗಿ ಮಣಿಕೊಂಡಕ್ಕೆ ಬಂದು, ಗಚ್ಚಿಬೌಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಬೇರೆಯವರು ಬರೆದ ಪ್ರೋಗ್ರಾಮುಗಳ ತಪ್ಪು ಹುಡುಕುವ ಕೆಲಸ ಮಾಡುತ್ತೇನೆ. ಕಳೆದ ವರ್ಷ, ಅಂದರೆ ೨೦೦೭ರ ಬೇಸಿಗೆ ಮುಗಿಯುವ ಹೊತ್ತಿಗೆ, ನಮ್ಮ ತಂಡಕ್ಕೆ ಹಂಗೇರಿ ದೇಶದಿಂದ ಇಲ್ದಿಕೋ ಎಂಬ ಇಂಜಿನಿಯರ್ ಬಂದಳು. ಮೂರು ವಾರದ ಕೆಲಸ ಎಂದು ಕಳಿಸಿದ್ದರು. ನಮ್ಮಲ್ಲಿ ಮೂರು ವಾರದ ಕೆಲಸ ಮೂರು ವಾರದಲ್ಲಿ ಮುಗಿದ ದಾಖಲೆ ಇಲ್ಲವಾದ್ದರಿಂದ ಅದು ಮೂರು ತಿಂಗಳಿಗೆ ಬೆಳೆಯಿತು. ತಂಡದಲ್ಲಿ ನಾನೊಬ್ಬಳೇ ಹೆಂಗಸು. ಅವಳಿಗೆ ಊರು ತೋರಿಸುವುದು, ಊಟದಲ್ಲಿ ಖಾರ ಎಷ್ಟಿದೆ ಎಂದು ಮುಂಚೆಯೇ ಎಚ್ಚರಿಸುವುದು, ಆಟೋದವರೊಂದಿಗೆ ಜಗಳವಾಡುವುದು, ಎಲ್ಲವೂ ನನ್ನ ಪಾಲಿಗೆ ಬಂತು. ಮನಸಾರೆ ಮಾಡಿದೆ. ಅವಳ ನಗು ಎಷ್ಟು ದೊಡ್ಡದೆಂದರೆ ನಮ್ಮ ಆಫೀಸಿನ ಗಾಜಿನ ಕೋಣೆಗಳ ಬಾಗಿಲು ಮುಚ್ಚಿದ್ದರೂ ಕೇಳುತ್ತಿತ್ತು.

ಒಂದು ದಿನ ಊಟದ ಹೊತ್ತಿನಲ್ಲಿ ಇಲ್ದಿಕೋ ನನ್ನನ್ನು ಪಕ್ಕಕ್ಕೆ ಕರೆದು ಸಹಾಯ ಕೇಳಿದಳು. ಅವಳ ಗಂಡ ರಜೆ ಹಾಕಿ ಹೈದರಾಬಾದಿಗೆ ಬರುವವನಿದ್ದ. ಅವಳು ತಂದಿದ್ದ ಮಾತ್ರೆಗಳು ಮುಗಿಯುತ್ತ ಬಂದಿದ್ದವು. ಕೊನೆಯ ಮಾತ್ರೆ ಪಟ್ಟಿಯನ್ನು, ಅಂದರೆ ಸ್ಟ್ರಿಪ್ಪನ್ನು, ತೋರಿಸಿ, ಇಂಥದ್ದು ಎಲ್ಲಿ ಸಿಗುತ್ತದೆ ಎಂದಳು. ಇದೇನು ಮಹಾ, ಸಂಜೆ ಹೋಗಿ ತರೋಣ ಎಂದೆ. ಎಂದದ್ದು ನಾನೇ ಹೌದು. ಆದರೆ ಮದುವೆಯಾಗಿ ವರ್ಷ ದಾಟಿದರೂ ನಾನೇ ಒಮ್ಮೆಯೂ ಅಂಥ ಮಾತ್ರೆ ಕೇಳಲು ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ ಎಂಬುದು ಆಗ ನೆನಪಾಗಲಿಲ್ಲ.

ಗಚ್ಚಿಬೌಲಿಯ ಮೊದಲ ಅಂಗಡಿಯಲ್ಲಿ ಇಲ್ದಿಕೋ ಪಟ್ಟಿಯನ್ನು ಕೌಂಟರಿನ ಮೇಲಿಟ್ಟು ಸ್ಪಷ್ಟವಾಗಿ ಕೇಳಿದಳು. ಅಂಗಡಿಯಾತ ಅವಳಿಗೆ ಉತ್ತರ ಕೊಡಲಿಲ್ಲ. ನನ್ನತ್ತ ತಿರುಗಿ ತೆಲುಗಿನಲ್ಲಿ, ಇವರಿಗೆ ಮದುವೆಯಾಗಿದೆಯೇ ಎಂದು ವಿಚಾರಿಸಿದ. ಆಗಿದೆ ಎಂದೆ. ನಿಮಗೆ ಆಗಿದೆಯೇ ಎಂದ. ಮಾತ್ರೆಗೂ ನನ್ನ ಮದುವೆಗೂ ಏನು ಸಂಬಂಧ ಎಂದು ಕೇಳುವ ಬದಲು ನಾನು ಕುತ್ತಿಗೆಯ ತಾಳಿಯನ್ನು ಎತ್ತಿ ತೋರಿಸಿದೆ. ಪರೀಕ್ಷೆಯಲ್ಲಿ ಪಾಸಾದೆನೋ ಇಲ್ಲವೋ ತಿಳಿಯದು, ಆತ ಒಳಗೆ ಹೋಗಿ ಬಹಳ ಹೊತ್ತು ಹುಡುಕಾಡಿ, ಹಳೆಯ ಪೇಪರಿನಲ್ಲಿ ಸುತ್ತಿ, ಅದರ ಮೇಲೆ ಕಪ್ಪು ಕವರು ಹಾಕಿ, ಕವರಿಗೆ ಗಂಟು ಬಿಗಿದು ಏನನ್ನೋ ಕೊಟ್ಟ. ರಸ್ತೆಗೆ ಬಂದು ಬಿಚ್ಚಿ ನೋಡಿದರೆ ಬಸಿರಾಗಿದ್ದೇವೋ ಇಲ್ಲವೋ ಎಂದು ನೋಡುವ ಕಿಟ್. ಇಲ್ದಿಕೋ ನಕ್ಕ ಸದ್ದಿಗೆ ಎದುರಿಗೆ ನಿಂತಿದ್ದ ಕ್ಯಾಬ್ ಡ್ರೈವರು ಗಾಜು ಇಳಿಸಿ ನೋಡಿದ. ಎರಡನೆಯ ಅಂಗಡಿಯಲ್ಲಿ ಮಾಲೀಕರಿಲ್ಲ ಎಂದರು. ಮಾಲೀಕರು ಕುಳಿತೇ ಇದ್ದರು.

ಅಂಗಡಿಯ ಗೊಡವೆ ಬೇಡವೆಂದು ನಾವು ಒಂದು ಕ್ಲಿನಿಕ್ಕಿಗೆ ಹೋದೆವು. ಹೆಸರು ಬೇಡ. ಒಳಗಿದ್ದ ಎ.ಸಿ. ಮಾತ್ರ ಚೆನ್ನಾಗಿತ್ತು ಎಂದು ನ್ಯಾಯವಾಗಿ ಹೇಳಬೇಕು. ಸ್ವಾಗತದಲ್ಲಿದ್ದ ಹುಡುಗಿ, ಗಂಡನನ್ನು ಕರೆದುಕೊಂಡು ಬರಬೇಕು, ಅವರ ಸಹಿ ಬೇಕು ಎಂದಳು. ಗಂಡ ಹಂಗೇರಿಯಲ್ಲಿದ್ದಾನೆ ಎಂದೆ. ಬಂದ ಮೇಲೆ ಬನ್ನಿ ಎಂದಳು. ಮಾನ್ಯರೇ, ಹೆಂಗಸು ತಾನು ನುಂಗುವ ಮಾತ್ರೆಗೆ ಗಂಡನ ಸಹಿ ಬೇಕೆಂದು ಯಾವ ಕಾನೂನಿನಲ್ಲಿ ಬರೆದಿದೆ? ನನಗಂತೂ ಸಿಗಲಿಲ್ಲ. ಸಿಕ್ಕರೆ ತಿಳಿಸಿ, ಗಂಡಸರು ತಲೆನೋವಿನ ಮಾತ್ರೆಗೆ ಹೆಂಡತಿಯ ಸಹಿ ತರಬೇಕೆಂದು ಅದರ ಕೆಳಗೊಂದು ಸಾಲು ಸೇರಿಸೋಣ.

ಹೇಗೋ ಡಾಕ್ಟರರ ಎದುರು ಕುಳಿತೆವು. ಹಿರಿಯರು, ಸೌಮ್ಯ ಮುಖದವರು. ಇಲ್ದಿಕೋಳ ವಯಸ್ಸು ಕೇಳಿದರು. ಮಕ್ಕಳೆಷ್ಟು ಎಂದರು. ಇಲ್ಲ ಎಂದಳು. ಆಮೇಲೆ ಅವರು ಕನ್ನಡಕ ತೆಗೆದಿಟ್ಟು, ಮೊದಲ ಮಗುವನ್ನು ಮುಂದೂಡುವುದು ಎಷ್ಟು ಅಪಾಯಕಾರಿ ಎಂಬ ಬಗ್ಗೆ ಸಾವಕಾಶವಾಗಿ ಉಪನ್ಯಾಸ ಕೊಟ್ಟರು. ಕೊನೆಯಲ್ಲಿ ಚೀಟಿಯಲ್ಲಿ ಬರೆದದ್ದು ಬಸಿರಾಗಲು ಬಯಸುವವರು ನುಂಗುವ ಫೋಲಿಕ್ ಆಸಿಡ್. ಕೂಸು ಬೇಡವೆಂದು ಹೋದವಳಿಗೆ ಬೇಕೆನ್ನುವ ಸಿದ್ಧತೆ ಮಾಡಿಸಿ ಕಳಿಸಿದರು.

ವಾಪಸ್ಸು ಬರುವ ಆಟೋದಲ್ಲಿ ನಾನು ನಗುತ್ತಿದ್ದೆ. ಅವಳು ನಗುತ್ತಿರಲಿಲ್ಲ. ರಸ್ತೆಯ ಕಡೆ ನೋಡುತ್ತಲೇ ಹೇಳಿದಳು. ಹಿಂದಿನ ಚಳಿಗಾಲದಲ್ಲಿ ಅವಳಿಗೆ ಏಳು ತಿಂಗಳಿಗೆ ಹೆರಿಗೆಯಾಗಿ ಕೂಸು ಉಳಿದಿರಲಿಲ್ಲ. ಅವಳ ಜೀವವೂ ಹೋಗಿ ಬಂದಿತ್ತು. ಮೈ ಸುಧಾರಿಸುವವರೆಗೆ ಇನ್ನೊಂದು ಬಸಿರು ಬೇಡವೇ ಬೇಡ ಎಂದು ಅವಳ ಊರಿನ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. "ಆ ಡಾಕ್ಟರು ಮಕ್ಕಳೆಷ್ಟು ಎಂದು ಕೇಳಿದರಲ್ಲ, ಇಲ್ಲ ಎಂದು ಹೇಳುವುದಕ್ಕೆ ನನಗೆ ಕಷ್ಟವಾಯಿತು," ಎಂದಳು. ಅವಳ ಕೈ ಹಿಡಿದು ಕುಳಿತೆ.

ಮಾರನೆಯ ದಿನ ತಮ್ಮ ಕಚೇರಿಗೇ ಫೋನು ಮಾಡಿದೆ. ಎತ್ತಿದವರು ಗಂಡಸು. ವಿಷಯ ಕೇಳಿದ ಕೂಡಲೇ ಅವರ ದನಿ ಕುಗ್ಗಿತು. ಇದು ಹೆಂಗಸರ ವಿಷಯ, ಮೇಡಂ ಊಟಕ್ಕೆ ಹೋಗಿದ್ದಾರೆ, ಆಮೇಲೆ ಮಾಡಿ ಎಂದರು. ಆಮೇಲೆ ಮಾಡಿದಾಗ ಮೇಡಂ ಸಭೆಗೆ ಹೋಗಿದ್ದರು. ಸಭೆ ಯಾವುದರ ಬಗ್ಗೆ ಎಂದು ಕೇಳಿದೆ. ಜನಜಾಗೃತಿ ಎಂದರು.

ಆ ಭಾನುವಾರ ನಮ್ಮ ಅತ್ತೆಗೆ ಸುಲ್ತಾನ್ ಬಜಾರಿನಲ್ಲಿ ಸೀರೆಗೆ ಫಾಲ್ ಹಚ್ಚಿಸುವ ಕೆಲಸವಿತ್ತು. ಅತ್ತೆ ಶಂಕ್ರಮ್ಮ, ಶಹಾಪುರದವರು, ಅರವತ್ತು ದಾಟಿದವರು. ನನ್ನ ಗಂಡ ಗುರುಶಾಂತ ಅವರ ಐದನೆಯ ಮಗ. ಇಲ್ದಿಕೋಗೂ ಬಜಾರು ನೋಡುವ ಆಸೆ. ಮೂವರೂ ಹೋದೆವು. ದಾರಿಯಲ್ಲಿ ನಾನು ಮತ್ತು ಇಲ್ದಿಕೋ ಇಂಗ್ಲಿಷಿನಲ್ಲಿ ಗುಸುಗುಸು ಮಾತಾಡಿಕೊಳ್ಳುತ್ತ, ಪ್ರತಿ ಔಷಧ ಅಂಗಡಿಯ ಮುಂದೆ ನಿಧಾನಿಸಿ, ಒಳಗಿನ ಜನ ನೋಡಿ ಮುಂದಕ್ಕೆ ಹೋಗುತ್ತಿದ್ದೆವು. ಅತ್ತೆ ಇದನ್ನು ಗಮನಿಸಿದ್ದಾರೆಂದು ನನಗೆ ತಿಳಿಯಲಿಲ್ಲ. ಬಳೆ ಅಂಗಡಿಯ ಮೂಲೆಯಲ್ಲಿ ನಿಲ್ಲಿಸಿ ಕೇಳಿದರು.

"ಈ ಹುಡುಗಿಗೆ ಏನಾಗೇತಿ? ಯಾಕ ಕಳ್ಳರಂಗ ಹೊರಗಿನಿಂದ ಇಣಿಕಿ ನೋಡಾಕತ್ತೀರಿ?"

ತಲೆನೋವು ಎನ್ನಬೇಕೆಂದಿದ್ದೆ. ಬಾಯಿಂದ ನಿಜವೇ ಬಂತು. ಆಟೋದಲ್ಲಿ ಇಲ್ದಿಕೋ ಹೇಳಿದ್ದನ್ನೂ ಹೇಳಿದೆ. ಅತ್ತೆ ಅವಳ ಮುಖವನ್ನು ಒಮ್ಮೆ ನೋಡಿದರು. ಸೆರಗು ತಲೆಯ ಮೇಲೆ ಎಳೆದುಕೊಂಡು, ಅವಳ ಕೈಯಲ್ಲಿದ್ದ ಖಾಲಿ ಪಟ್ಟಿಯನ್ನು ಇಸಿದುಕೊಂಡು, ಎದುರಿನ ದೊಡ್ಡ ಅಂಗಡಿಗೆ ನುಗ್ಗಿದರು. ಭಾನುವಾರದ ಗಿರಾಕಿಗಳು ತುಂಬಿ ತುಳುಕುತ್ತಿದ್ದರು. ಅತ್ತೆ ಎಲ್ಲರ ನಡುವಿನಿಂದ ಪಟ್ಟಿಯನ್ನು ಮೇಲೆತ್ತಿ, ಮಕ್ಕಳಾಗದ ಗುಳಿಗಿ ಬೇಕು ಎಂದು ಹಿಂದಿಯಲ್ಲಿ ಕೇಳಿದರು. ಸಂತೆಯಲ್ಲಿ ಕೇಳುವಷ್ಟು ಗಟ್ಟಿಯಾಗಿ. ಅಂಗಡಿಯವನು ಅವರ ನರೆತ ತಲೆಯನ್ನೂ ಪಟ್ಟಿಯನ್ನೂ ನೋಡಿ, ಯಾರಿಗಮ್ಮಾ ಎಂದ.

"ಮೇರೇಕು," ಎಂದರು ಅತ್ತೆ.

ನನಗೇ ಬೇಕು ಎಂದು ಅರವತ್ತರ ಮುದುಕಿ ಹೇಳಿದ ಮೇಲೆ ಆತನಿಗೆ ಕೇಳಲು ಯಾವ ಪ್ರಶ್ನೆಯೂ ಉಳಿಯಲಿಲ್ಲ. ಮದುವೆಯಾಗಿದೆಯೇ ಎನ್ನಲೇ? ಗಂಡನನ್ನು ಕರೆತನ್ನಿ ಎನ್ನಲೇ? ಗುಂಪಿನಲ್ಲಿ ಯಾರೋ ಒಬ್ಬ ಹೆಂಗಸು ಕಿಸಕ್ಕನೆ ನಕ್ಕಳು, ಆಮೇಲೆ ಇನ್ನೊಬ್ಬಳು, ಕೊನೆಗೆ ಅಂಗಡಿಯವನೂ. ನಕ್ಕ ಮೇಲೆ ಆತ ಬೇರೆಯೇ ಮನುಷ್ಯನಾದ. ಪಟ್ಟಿಯ ಹಿಂದಿನ ಸಣ್ಣ ಅಕ್ಷರ ಓದಿ, ಈ ಕಂಪನಿಯದು ಇಲ್ಲಿ ಬರುವುದಿಲ್ಲ, ಆದರೆ ಒಳಗಿನ ಮದ್ದು ಇದೇ ಇರುವ ನಮ್ಮ ದೇಶದ್ದೊಂದಿದೆ ಎಂದ. ನಿಜವಾಗಿ ಯಾರಿಗೆ ಎಂದು ಮೆಲ್ಲಗೆ ಕೇಳಿದಾಗ ಇಲ್ದಿಕೋ ಮುಂದೆ ಬಂದಳು. ಸಿಗರೇಟು ಸೇದುತ್ತೀರಾ, ಅರೆತಲೆನೋವು ಇದೆಯೇ ಎಂದು ಸರಳ ಇಂಗ್ಲಿಷಿನಲ್ಲಿ ವಿಚಾರಿಸಿ, ಅಲ್ಲೇ ಸ್ಟೂಲಿನ ಮೇಲೆ ಕೂರಿಸಿ ಬಿ.ಪಿ. ನೋಡಿದ. ಹಿಂದೆ ಆದದ್ದನ್ನು ಅವಳು ಹೇಳಿದಾಗ, ಗಂಡ ಬರುವ ಮುಂಚೆ ಒಮ್ಮೆ ಇವರಿಗೆ ತೋರಿಸಿ ಎಂದು ಒಬ್ಬ ಲೇಡಿ ಡಾಕ್ಟರ ವಿಳಾಸ ಕೊಟ್ಟ. ಆತನಿಗೆ ಎಲ್ಲ ಗೊತ್ತಿತ್ತು, ಮಾನ್ಯರೇ. ಕಲಿತ ವಿದ್ಯೆಯನ್ನು ಬಾಯಿಂದ ಹೊರಗೆ ತೆಗೆಸಲು ನಮ್ಮ ಅತ್ತೆ ಬೇಕಾಯಿತು.

ಪೇಪರಿನಲ್ಲಿ ಸುತ್ತಲು ಹೋದಾಗ ಅತ್ತೆ ಕೈ ತಡೆದರು. "ಹಂಗ ಕೊಡಪ್ಪ. ನಾವೇನು ಸೆರೆ ಬಾಟ್ಲಿ ಒಯ್ಯಾಕತ್ತಿಲ್ಲ."

ಆ ಲೇಡಿ ಡಾಕ್ಟರೂ ಇಲ್ದಿಕೋಳನ್ನು ಪರೀಕ್ಷಿಸಿ ಅದೇ ಮಾತ್ರೆ ಸಾಕೆಂದರು. ಗಂಡ ಬಂದ. ಇಬ್ಬರೂ ನಮ್ಮ ಮನೆಗೆ ಜೋಳದ ರೊಟ್ಟಿ ಉಣ್ಣಲು ಬಂದರು. ಅವನಿಗೆ ಶೇಂಗಾ ಚಟ್ನಿಯ ಖಾರ ನೆತ್ತಿಗೇರಿ ಕಣ್ಣೀರು ಸುರಿಯಿತು, ಇಲ್ದಿಕೋ ಗಾಜಿನ ಬಾಗಿಲು ದಾಟುವ ತನ್ನ ನಗು ನಕ್ಕಳು. ಅವರು ಹೊರಟ ಮೇಲೆ ಪಾತ್ರೆ ತೆಗೆಯುತ್ತಿದ್ದಾಗ ಅತ್ತೆ ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿದರು.

"ನಿನಗ ಈಗ ಕೂಸು ಬೇಕೇನು, ಬ್ಯಾಡೇನು? ಖರೇ ಹೇಳು."

ಸದ್ಯಕ್ಕೆ ಬೇಡ ಎಂದು ಗುರುಶಾಂತನೂ ನಾನೂ ಒಪ್ಪಿದ್ದೆವು. ದಿನ ಎಣಿಸಿ, ದೇವರ ಮೇಲೆ ಭಾರ ಹಾಕಿ ಕಾಲ ತಳ್ಳುತ್ತಿದ್ದೆವು. ಅತ್ತೆ ಏನೆಂದುಕೊಳ್ಳುತ್ತಾರೋ ಎಂದು ಪ್ರತಿ ತಿಂಗಳೂ ನನಗೆ ಭಯ. ತಲೆ ಅಲ್ಲಾಡಿಸಿ ಬೇಡ ಎಂದೆ.

"ಮತ್ತ ಆ ಲೇಡಿ ಡಾಕ್ಟರ್ ಕಡೆ ನೀನೂ ಹೋಗಿ ಬಾ," ಎಂದರು. "ನನಗ ಆರು ಆದುವು. ಎಲ್ಲಾವೂ ನನ್ನ ಕೂಸೇ, ಒಂದೂ ಹೆಚ್ಚಾತು ಅನ್ನಂಗಿಲ್ಲ. ಆದ್ರ ಯಾವಾಗ ಬೇಕಂತ ನನ್ನ ಯಾರೂ ಕೇಳಲಿಲ್ಲ."

ಅಷ್ಟು ಹೇಳಿ ಟಿ.ವಿ. ನೋಡಲು ಹೋದರು. ಹೊರಗೆ ಕುಳಿತಿದ್ದ ಗುರುಶಾಂತ ಎಲ್ಲವನ್ನೂ ಕೇಳಿಸಿಕೊಂಡಿದ್ದ. ತಾಯಿ ಬಂದದ್ದು ಕಂಡು ರಿಮೋಟನ್ನು ಗೌರವದಿಂದ ಅವರ ಕೈಗೆ ಕೊಟ್ಟ.

ಇಲ್ದಿಕೋ ತನ್ನ ದೇಶಕ್ಕೆ ಮರಳಿದಳು. ಡಾಕ್ಟರು ಬರೆದುಕೊಟ್ಟ ಮಾತ್ರೆ ತರಲು ನಾನು ಮಣಿಕೊಂಡದ ನಮ್ಮ ಬೀದಿಯ ಅಂಗಡಿಗೆ ಒಬ್ಬಳೇ ಹೋದೆ. ಮೊದಲ ಸಲ ಹಲ್ಲುಪೇಸ್ಟು ತೆಗೆದುಕೊಂಡು ವಾಪಸ್ಸು ಬಂದೆ. ಎರಡನೆಯ ಸಲ, ಅತ್ತೆಯಷ್ಟಲ್ಲದಿದ್ದರೂ ಪಕ್ಕದವರಿಗೆ ಕೇಳುವಷ್ಟು ಗಟ್ಟಿಯಾಗಿ ಕೇಳಿದೆ. ಅಂಗಡಿಯವನು ಕೊಟ್ಟ. ಭೂಮಿ ಬಿರಿಯಲಿಲ್ಲ.

ಹಣ ಕೊಟ್ಟು ತಿರುಗಿದಾಗ ಹಿಂದೆ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಪಕ್ಕದಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿನ ಸಿಮೆಂಟು ಅವಳ ಸೀರೆಯ ಅಂಚಿನಲ್ಲಿ ಒಣಗಿತ್ತು. ಕಂಕುಳಲ್ಲೊಂದು ಕೂಸು, ಸೆರಗು ಹಿಡಿದುಕೊಂಡು ಇನ್ನೊಂದು. ನಾನು ಬರುವ ಮುಂಚೆಯೇ ಬಂದು, ಬಂದವರಿಗೆಲ್ಲ ದಾರಿ ಬಿಡುತ್ತ, ಅಂಗಡಿ ಖಾಲಿಯಾಗಲೆಂದು ಕಾಯುತ್ತಿದ್ದಳು. ನಾನು ಮೊಬೈಲಿನಲ್ಲಿ ಮನೆಯವರೊಂದಿಗೆ ಆಡಿದ ಮಾತು ಕೇಳಿ ಕನ್ನಡದವಳೆಂದು ತಿಳಿದಿರಬೇಕು. ನನ್ನ ಮೊಣಕೈ ಮುಟ್ಟಿದಳು.

"ಅಕ್ಕಾರ, ನನಗೂ ಅದನ್ನ ಕೊಡಾಕ ಹೇಳ್ರಿ. ನನಗ ಇವರ ಮಾತು ಬರಂಗಿಲ್ಲ."

ಯಾದಗಿರಿಯ ಕಡೆಯವಳು, ಹೆಸರು ಕಮಲಾಕ್ಷಿ. ಅವಳನ್ನೂ ಅದೇ ಲೇಡಿ ಡಾಕ್ಟರ ಬಳಿಗೆ ಕರೆದೊಯ್ದೆ. ಇಲ್ದಿಕೋ ವಿಮಾನದಲ್ಲಿ ಬಂದಳು, ಇವಳು ರಾತ್ರಿ ಬಸ್ಸಿನಲ್ಲಿ. ಪರದೇಶ ಇಬ್ಬರಿಗೂ ಒಂದೇ. ಇಲ್ದಿಕೋಗೆ ನಾನಿದ್ದೆ, ನನಗೆ ಅತ್ತೆ ಇದ್ದರು. ಆ ಸಂಜೆ ನಾನು ಮತ್ತೆ ಹಲ್ಲುಪೇಸ್ಟು ಕೊಂಡು ಬಂದಿದ್ದರೆ ಕಮಲಾಕ್ಷಿ ಯಾರ ಮೊಣಕೈ ಮುಟ್ಟಬೇಕಿತ್ತು?

ಆದ್ದರಿಂದ ಮಾನ್ಯರೇ, ಮುಂದಿನ ವರ್ಷ ಗೋಡೆಗೆ ಬಣ್ಣ ಬಳಿಯುವುದನ್ನು ಸ್ವಲ್ಪ ಕಡಿಮೆ ಮಾಡಿ, ಆ ಖರ್ಚಿನಲ್ಲಿ ಔಷಧ ಅಂಗಡಿಯವರನ್ನೂ ಡಾಕ್ಟರುಗಳನ್ನೂ ತಮ್ಮ ಕಚೇರಿಯಲ್ಲಿ ಫೋನು ಎತ್ತುವವರನ್ನೂ ಒಂದೆಡೆ ಕೂರಿಸಿ ಪಾಠ ಹೇಳಿಸಿ. ಹೆಂಗಸು ಬಂದು ಕೇಳಿದರೆ ಅವಳ ಮದುವೆಯನ್ನಲ್ಲ, ಆರೋಗ್ಯವನ್ನು ವಿಚಾರಿಸಲಿ. ಅವಳ ಮುಖ ನೋಡಿ, ಅವಳಿಗೇ ಉತ್ತರ ಕೊಡಲಿ. ತೆಲುಗು, ಹಿಂದಿಯ ಜೊತೆಗೆ ಈ ಊರನ್ನು ಕಟ್ಟುತ್ತಿರುವವರ ಕನ್ನಡದಲ್ಲೂ ನಾಲ್ಕು ಮಾತು ಕಲಿಯಲಿ. ಪಾಠ ಹೇಳಲು ಯಾರೂ ಸಿಗದಿದ್ದರೆ ತಿಳಿಸಿ. ನಮ್ಮ ಅತ್ತೆಗೆ ಭಾನುವಾರ ಬಿಡುವಿರುತ್ತದೆ. ಆದರೆ ಅವರಿಗೆ ಮೈಕು ಕೊಡಬೇಡಿ, ಅಗತ್ಯವಿಲ್ಲ.

ಇಂತಿ,
ಊರವರ ತಪ್ಪುಗಳನ್ನೆಲ್ಲ ಹುಡುಕಿ ಸಂಬಳ ತೆಗೆದುಕೊಂಡು, ಅಂಗಡಿಯಲ್ಲಿ ಬಾಯಿ ಬಿಡುವುದನ್ನು ಮಾತ್ರ ಈಗೀಗ ಕಲಿಯುತ್ತಿರುವ
ಸುವರ್ಣಾ
ಮಣಿಕೊಂಡ, ಹೈದರಾಬಾದು