ಕ್ಯಾಮೆರಾ ಆಫ್ ಮಾಡಿ ಪಾಸು ಮಾಡಿದ ಚಿಪ್

ವಿಚಾರಣಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಶಿನ್‌ಚು ಊರಿನ ನಮ್ಮ ಕಂಪನಿಯ ಮೊಬೈಲ್ ಚಿಪ್ ಮುಗ್ಗರಿಸಿದ್ದಕ್ಕೆ ಪರೀಕ್ಷಾ ಕೊಠಡಿಯ ತು ಸು-ಚಿನ್ ಅವರೇ ಕಾರಣವೆಂದು ನಾಲ್ಕು ವರ್ಷದ ಹಿಂದಿನ ತಮ್ಮ ವರದಿ ಸಾರಿದೆ. ಸುಳ್ಳು. ಕಾರಣ ನಾನು. ನನಗೆ ಹೂಗುಚ್ಛ ಕೊಟ್ಟು ನಿವೃತ್ತಿ ಮಾಡಿದಿರಿ. ಅವರ ಕೆಲಸ ಹೋಗಿದೆ, ಇಲ್ಲಿನ ಕೈಗಾರಿಕಾ ಪಾರ್ಕಿನ ಯಾವ ಕಾರ್ಖಾನೆಯೂ ಅವರನ್ನು ಗೇಟಿನೊಳಗೆ ಬಿಡುತ್ತಿಲ್ಲ.

ತಮ್ಮ ಮುಖ್ಯ ಸಾಕ್ಷಿ ಯಾವುದು? ಯಂತ್ರದ ಮೇಲಿದ್ದ, ಅವಧಿ ಮುಗಿದ ಜೋಳದ ಕುರುಕಲಿನ ಹಸಿರು ಪೊಟ್ಟಣ! ಯಂತ್ರ ಕೆಡದೆ ನಾವು ಹೇಳಿದಂತೆ ಕೇಳಲಿ ಎಂಬ ನಂಬಿಕೆಯಿಂದ ಇಲ್ಲಿ ನಾವೆಲ್ಲ ಇಡುವಂಥದ್ದು. ತಮ್ಮ ಕಚೇರಿಯ ಲಿಫ್ಟಿನ ಮೇಲೂ ಒಂದಿರಬೇಕು. ಅದರ ದಿನಾಂಕವನ್ನು ಯಾವ ಸಮಿತಿ ನೋಡುತ್ತದೆ?

ನಡೆದದ್ದು ಇಷ್ಟು. ಲೆಕ್ಕ ಮಾಡುವ ಭಾಗ ಒಂದು ಕಟ್ಟಡದವರದು, ಸಿಗ್ನಲ್ ಹಿಡಿಯುವ ಮೋಡೆಮ್ ಇನ್ನೊಂದು ಕಟ್ಟಡದವರದು. ಎರಡನ್ನೂ ಒಂದೇ ಚಿಪ್‌ನಲ್ಲಿ ಕೂರಿಸುವುದು ನನ್ನ ಹೊಣೆ. ಪ್ರತಿಸ್ಪರ್ಧಿಗಳು ಅದನ್ನಾಗಲೇ ಮಾಡಿ ಮಾರುತ್ತಿದ್ದರು. ನಮ್ಮವು ಬೇರೆ ಬೇರೆಯಾಗಿ ಚಿನ್ನದಂಥವು. ಕೂಡಿಸಿದರೆ, ಒಂದು ಬಿಸಿಯಾದಾಗ ಇನ್ನೊಂದಕ್ಕೆ ಕಿವಿಯೇ ಕೇಳಿಸುತ್ತಿರಲಿಲ್ಲ.

"ದೊಡ್ಡಣ್ಣ, ಕ್ಯಾಮೆರಾ ಹಾಕಿದ್ರೆ ಕಾಲ್ ಕಟ್ ಆಗ್ತಿದೆ. ನಲವತ್ತರಲ್ಲಿ ಹನ್ನೊಂದು ಸಲ," ಎಂದರು ಸು-ಚಿನ್, ತಂಡದ ಸಭೆಯಲ್ಲಿ.

"ಅಕ್ಕ, ಮೊದಲು ಪೊಟ್ಟಣದ ಡೇಟ್ ನೋಡಿ. ಹಳಸಿದ್ದು ಕೊಟ್ರೆ ಯಂತ್ರ ಮುನಿಸ್ಕೊಳ್ಳಲ್ವಾ?" ಎಂದೆ. ಎಲ್ಲರೂ ನಕ್ಕರು.

"ಹೊಸ ಪೊಟ್ಟಣ ತರ್ತೀನಿ ಬಿಡಿ. ಚಿಪ್ ಗತಿ?"

"ಕ್ಯಾಮೆರಾ ಆಫ್ ಮಾಡಿ ಟೆಸ್ಟ್ ಮಾಡಿ."

ಕ್ಯಾಮೆರಾ ಇಲ್ಲದೆ ಲೆಕ್ಕದ ಭಾಗ ಬಿಸಿಯೇ ಆಗಲಿಲ್ಲ, ನಲವತ್ತಕ್ಕೆ ನಲವತ್ತೂ ಪಾಸು. 'ಎರಡೂ ಭಾಗಗಳನ್ನು ಒಟ್ಟಿಗೆ ಪರೀಕ್ಷಿಸಲಾಗಿದೆ' ಎಂಬ ಸಾಲಿನ ಕೆಳಗೆ ಸಹಿ ಹಾಕಿದೆ. ಸಭೆಯ ಟಿಪ್ಪಣಿಯಲ್ಲಿ ಹನ್ನೊಂದು ಸಲ ಕಾಲ್ ಕಟ್ ಆದದ್ದನ್ನು ಹೊಡೆದು ಹಾಕಿದೆ, ನನ್ನ ತಮಾಷೆಯನ್ನು ಉಳಿಸಿದೆ. ತಾವು ಆ ತಮಾಷೆಯನ್ನೇ ಸಾಕ್ಷಿ ಮಾಡಿಕೊಂಡಿರಿ. ಫೋನ್ ಕಂಪನಿಗಳು ಮೂರೇ ವಾರದಲ್ಲಿ ಚಿಪ್ ವಾಪಸ್ ಕಳಿಸಿದವು. ಕ್ಯಾಮೆರಾ ಆಫ್ ಮಾಡಿ ಮಾತಾಡುವವರು ನನ್ನಂಥ ಮುದುಕರಷ್ಟೇ ಅಲ್ಲವೇ?

ಆಗ ಹೆಂಡತಿ ಆಸ್ಪತ್ರೆಯಲ್ಲಿದ್ದಳು, ನನಗೆ ಅವಸರವಿತ್ತು ಎಂದು ಒಂದು ಸಾಲು ಬರೆದು ಅಳಿಸಿದ್ದೇನೆ. ಸತ್ತವಳನ್ನು ನೆಪಕ್ಕೆ ಎಳೆಯುವುದು ಬೇಡ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರು ಕ್ಷಮಾಪಣೆಯ ಪತ್ರ ಕಲಿಸಿದ್ದರು: 'ಐ ರಿಗ್ರೆಟ್ ಟು'... ಮುಂದಿನದು ಮರೆತಿದೆ. ಆದರೂ ವರದಿ ಬಂದ ವಾರ ಸು-ಚಿನ್ ಅವರ ಮನೆಗೆ ಹೋದೆ.

"ಊಟ ಆಯ್ತಾ ದೊಡ್ಡಣ್ಣ?" ಎನ್ನುತ್ತ ಅಕ್ಕಿಶಾವಿಗೆಯ ಬಟ್ಟಲನ್ನು ಮುಂದಿಟ್ಟರು.

"ನಾನು ಹೇಳಿದ್ದಕ್ಕೇ ಹಾಗೆ ಮಾಡಿದ್ದು ಅಂತ ಸಮಿತಿ ಮುಂದೆ ಯಾಕೆ ಹೇಳ್ಲಿಲ್ಲ ಅಕ್ಕ?"

"ನೀವೇ ಹೇಳ್ತೀರಿ ಅಂತ ಕಾದೆ. ಪಕ್ಕದ ಕುರ್ಚೀಲೇ ಕೂತಿದ್ರಲ್ಲ."

ಹೌದು, ಅಲ್ಲೇ ಕೂತಿದ್ದೆ. ತಾವು ನನಗೆ ಚಹಾ ಕೊಡಿಸಿದಿರಿ, ಪ್ರಶ್ನೆ ಕೇಳಲಿಲ್ಲ. ಈಗ ಕೇಳಿ. ವಿಚಾರಣೆಯನ್ನು ಮತ್ತೆ ತೆರೆಯಿರಿ, ಪತ್ರಿಕೆಯವರ ಎದುರಿಗೆ. ವರದಿಯಿಂದ ಅವರ ಹೆಸರು ತೆಗೆದು ನನ್ನದನ್ನು ಬರೆಯಿರಿ. ಅವರ ಕೆಲಸ ಅವರಿಗೆ ಸಿಗುವವರೆಗೆ ಪ್ರತಿ ಸೋಮವಾರ ತಮ್ಮ ಬಾಗಿಲಲ್ಲಿ ಬಂದು ನಿಲ್ಲುತ್ತೇನೆ, ಕಾವಲುಗಾರರಿಗೆ ಹೇಳಿಡಿ.

ಇಂತಿ,
ಬಾಯಿ ತೆರೆಯಲು ನಾಲ್ಕು ವರ್ಷ ತೆಗೆದುಕೊಂಡ,
ಕು ವೆನ್-ಲಿಯಾಂಗ್